ಬ್ಯಾಟಿಗೆ ಇಟ್ಟ ಕುಂಕುಮ

ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆಯೆಲ್ಲ ಗ್ಯಾರೇಜು. ಹಳೇ ಬೇಸ್‌ಬಾಲ್ ಗ್ಲವುಸುಗಳನ್ನು ಒಂದೊಂದಾಗಿ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಇಟ್ಟಿದ್ದಾಯಿತು. ಟಿಕೆಟ್ಟುಗಳ ಆಲ್ಬಮ್ಮಿಗೆ ಹೊಸ ಪ್ಲಾಸ್ಟಿಕ್ ಹಾಳೆ. ಇವರು ಬಾಗಿಲಲ್ಲಿ ಇಣುಕಿ, "ಕಾರು ನಿಲ್ಸೋಕೆ ಜಾಗ ಇಲ್ಲ, ಯಾರೋ ಸತ್ತೋರ ಗ್ಲವುಸಿಗೆ ಜಾಗ ಇದೆ" ಎಂದರು. ಪ್ರತಿ ಭಾನುವಾರದ ಮಂತ್ರ.

ಮಧ್ಯಾಹ್ನ ಪಕ್ಕದ ಮನೆಯ ವೆರಾ ಕರೆದು ಬ್ಯಾಟು ಕೈಗೆ ಕೊಟ್ಟರು. ಅವರ ಅಣ್ಣ ಹ್ಯಾಂಕ್‌ನ ಬ್ಯಾಟು. ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಟೀಮಿನಲ್ಲಿ ಎರಡು ಸೀಸನ್ ಆಡಿ ಕೊರಿಯಾ ಯುದ್ಧಕ್ಕೆ ಹೋದವನು, ತಿರುಗಿ ಬರಲಿಲ್ಲ. ಹಿಡಿಯ ಮೇಲೆ ಅವನ ಅಂಗೈ ಜಿಡ್ಡು ಈಗಲೂ ಕಪ್ಪಗೆ ಕೂತಿದೆ. ವೆರಾ ಅದನ್ನು ಒಂದು ದಿನವೂ ಒರೆಸಿದವರಲ್ಲ. ಫ್ಲ್ಯಾನೆಲ್ ಬಟ್ಟೆ ಸುತ್ತಿ ಮಂಚದ ಕೆಳಗೆ ಇಟ್ಟುಕೊಂಡಿದ್ದರು.

ಎಂಬತ್ತೇಳು ಈಗ. ಡಿಸೆಂಬರಿನಲ್ಲಿ ವೃದ್ಧರ ಹೋಮಿಗೆ ಹೊರಟಿದ್ದಾರೆ. ಒಂದೇ ರೂಮು. ಕಣ್ಣೂ ಹೋಗುತ್ತಿದೆ — ನೇರಕ್ಕೆ ಇರುವುದೆಲ್ಲ ಮಸುಕು, ಅಂಚಿನದು ಅಷ್ಟಿಷ್ಟು. ನಾಚಿಕೆ ಬಿಟ್ಟು ಕೇಳಿದೆ, ನನಗೇ ಕೊಡಿ ಎಂದು.

"ನೀನೂ ನನ್ನ ಹಾಗೇ ಬಟ್ಟೆ ಸುತ್ತಿ ಇಡ್ತೀಯ ಜಲಜಾ. ಬೇಡ. ಹರಾಜಿಗೆ ಹಾಕು, ಆಟ ಗೊತ್ತಿರೋರು ಬರ್ತಾರೆ. ತಗೊಂಡೋರ ಕೈ ಒಂದ್ಸಲ ಕುಲುಕಬೇಕು ನಾನು. ಯಾರ ಕೈಗೆ ಹೋಯ್ತು ಅಂತ ಗೊತ್ತಾದ್ರೆ ಸಾಕು."

ಇಷ್ಟೇ ಕೇಳಿದ್ದು. ಈ ದೇಶಕ್ಕೆ ಬಂದ ವರ್ಷ ಸಂಯುಕ್ತಾ ಹಗಲಿಡೀ ಅಳುವ ಕೂಸು. ಇವರು ಆಫೀಸಿಗೆ. ನಾನು ಗೋಡೆ ನೋಡಿಕೊಂಡು ಮಗಳ ಜೊತೆ ಅಳುತ್ತಿದ್ದೆ. ಬಾಗಿಲು ತಟ್ಟಿ ಒಳಗೆ ಬಂದು, ಮಗುವನ್ನು ಹೆಗಲಿಗೆ ಹಾಕಿಕೊಂಡು, ರೇಡಿಯೋದಲ್ಲಿ ಮ್ಯಾಚು ಹಾಕಿ, ಸ್ಕೋರ್ ಬರೆಯುವುದು ಕಲಿಸಿದವರು ವೆರಾ. ನನ್ನ ಇಂಗ್ಲಿಷು, ನನ್ನ ಡ್ರೈವಿಂಗು, ಈ ಹಳೇ ಸಾಮಾನಿನ ಹುಚ್ಚು — ಎಲ್ಲ ಅವರಿಂದ ಬಂದದ್ದು. ಅವರಿಲ್ಲದಿದ್ದರೆ ಆ ಚಳಿಗಾಲ ಮುಗಿಯುವ ಮೊದಲೇ ಮೈಸೂರಿಗೆ ಓಡಿಹೋಗಿರುತ್ತಿದ್ದೆ. ಇದೊಂದು ಕೆಲಸ ಸರಿಯಾಗಿ ಮಾಡಿಕೊಡಬೇಕು, ದೇವರೇ.

ಅಕ್ಟೋಬರ್ 1, ಬುಧವಾರ. ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ.

ಆಯುಧಪೂಜೆ. ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಇವರು ಬೆಳಿಗ್ಗೆಯೇ ಸ್ನಾನ ಮಾಡಿ, ಪಂಚೆ ಉಟ್ಟು, ಸಾಣೆಕಲ್ಲಿನ ಮೇಲೆ ಗಂಧ ತೇಯ್ದು ಗ್ಯಾರೇಜಿಗೆ ಇಳಿದಿದ್ದರು. ಎರಡು ಕಾರು, ಹುಲ್ಲು ಕತ್ತರಿಸುವ ಮಿಷನ್ನು, ಡ್ರಿಲ್ಲು, ಮಿಕ್ಸಿ, ಲ್ಯಾಪ್‌ಟಾಪು. ವರ್ಷವೂ ಇದೇ ಸಾಲು. ಮಂಗಳಾರತಿಗೆ ಕರೆದರು. ಹೋದೆ.

ಸಾಲಿನ ನಟ್ಟನಡುವೆ, ಹೊಸ ಟವೆಲಿನ ಮೇಲೆ, ಸೇವಂತಿಗೆ ಹಾರ ಹಾಕಿಸಿಕೊಂಡು ಹ್ಯಾಂಕ್‌ನ ಬ್ಯಾಟು. ಚೆಂಡು ಹೊಡೆಯುವ ದಪ್ಪ ಭಾಗದಲ್ಲಿ ಮೂರು ಕಡೆ ಗಂಧ. ಗಂಧದ ಮೇಲೆ ಕುಂಕುಮ.

ಕೂಗಿಕೊಂಡೆ ಎಂದು ಕಾಣುತ್ತದೆ. ಇವರು ಆರತಿ ತಟ್ಟೆ ಕೆಳಗಿಟ್ಟುಬಿಟ್ಟರು.

"ಏನಾಯ್ತೇ?"

"ಏನ್ರೀ ಮಾಡಿದ್ರಿ! ಇದನ್ನ ಯಾಕ್ರೀ ಮುಟ್ಟಿದ್ರಿ?"

"ಅಲ್ವೇ, ಹರಾಜಿಗೆ ಹೊರಟಿದೆ, ಒಳ್ಳೇದಾಗ್ಲಿ ಅಂತ… ಬ್ಯಾಟು ಆಯುಧ ಅಲ್ದೆ ಮತ್ತೇನೇ?"

ಒಣ ಹತ್ತಿಯಲ್ಲಿ ಮೆಲ್ಲಗೆ ಒತ್ತಿದೆ. ಗಂಧ ಉದುರಿತು, ಬಣ್ಣ ಉಳಿಯಿತು. ಪಾಲಿಶು ಎಂದೋ ಹೋಗಿರುವ ಬರಿ ಮರ, ಹೀರಿಕೊಂಡುಬಿಟ್ಟಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಗಂಧದ ಬಟ್ಟಲು ಹಿಡಿದುಕೊಂಡು ನಿಂತಿದ್ದರು. ಒಳಗೆ ಹೆಂಚಿನ ಮೇಲೆ ಒಬ್ಬಟ್ಟು ಸೀದು ಕರಿ.

ಇಬ್ಬರೂ ಊಟ ಮಾಡಿಲ್ಲ.

ಅಕ್ಟೋಬರ್ 3, ಶುಕ್ರವಾರ

ಎಮರಿವಿಲ್‌ಗೆ ಹೋಗಿಬಂದೆ. ಹರಾಜಿನ ಕಂಪನಿಯಲ್ಲಿ ಸಾಮಾನು ಪರೀಕ್ಷೆ ಮಾಡುವವಳು ಮಾರ್ಸಿ. ಬಿಳಿ ಕೈಗವಸು ತೊಟ್ಟು, ಲೆನ್ಸಿಟ್ಟು, ಕೆಂಪು ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಪಾಪ, ನಗಲಿಲ್ಲ.

ಕಲೆ ತೆಗೆಸಬಹುದಂತೆ. ಆದರೆ ಅದರ ಜೊತೆ ಮರದ ಹಳೇ ಮೈಯೂ ಎದ್ದುಹೋಗುತ್ತದೆ. ಹಾಗೇ ಬಿಟ್ಟರೆ 'ಇತ್ತೀಚೆಗೆ ಆದ ಕಲೆ' ಎಂದು ಕ್ಯಾಟಲಾಗಿನಲ್ಲಿ ಬರೆಯಲೇಬೇಕು. ಯಾವುದು ಎಂದು ವೆರಾ ಸಹಿ ಮಾಡಿ ತಿಳಿಸಬೇಕು. ಫೋನಿನಲ್ಲಿ ಕೂಗಲು ಕಾದಿದ್ದ ದೊಡ್ಡ ಕಲೆಕ್ಟರುಗಳು ಹಿಂದೆ ಸರಿಯಬಹುದು ಎಂದಳು.

"ಯಾರೂ ಕೂಗದಿದ್ದರೆ?" ಎಂದೆ.

"ವಾಪಸ್ ಕೊಡ್ತೀವಿ."

ವಾಪಸ್ ಎಲ್ಲಿಗೆ? ನೆವಾಡಾದಲ್ಲಿರುವ ವೆರಾರ ತಂಗಿ ಮಗ, ತನ್ನ ಬಾರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಲು ಕಾಯುತ್ತಿದ್ದಾನೆ. ಬರುವಾಗ ಫ್ರೀವೇಯಲ್ಲಿ ನಮ್ಮ ಡ್ಯಾನ್‌ವಿಲ್ ಎಕ್ಸಿಟ್ಟೇ ತಪ್ಪಿಹೋಯಿತು.

ಅಕ್ಟೋಬರ್ 6, ಸೋಮವಾರ

ಇನ್ನೂ ಹೇಳಿಲ್ಲ. ಇಲ್ಲಿ ಸಹಿ ಹಾಕಿ ಎಂದರೆ ವೆರಾ ಓದಿಸಿಕೊಳ್ಳದೆ ಹಾಕುತ್ತಾರೆ. ನನ್ನ ಮೇಲೆ ಅಷ್ಟು ನಂಬಿಕೆ. ಅದೇ ನುಂಗಲಾಗುತ್ತಿಲ್ಲ.

ಸಂಯುಕ್ತಾ ಫೋನು ಮಾಡಿದ್ದಳು. ಹೇಳಿಕೊಂಡೆ.

"ಅಮ್ಮಾ, ಜಸ್ಟ್ ಟೆಲ್ ಹರ್."

"ಅವರಿಗೆ ಕಣ್ಣು ಕಾಣಲ್ಲ ಕಣೇ. ಹೇಳ್ದೇ ಇದ್ರೆ ಗೊತ್ತೂ ಆಗಲ್ಲ."

"ದಟ್ಸ್ ವರ್ಸ್, ಅಮ್ಮಾ."

ಸರಿಯಾದ ಮಾತೇ. ಹೆತ್ತವಳಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದಾಳೆ. ಸಿಟ್ಟೂ ಬಂತು, ಖುಷಿಯೂ ಆಯಿತು.

ಇವರ ಜೊತೆ ಮಾತಿಲ್ಲ. ಕಾಫಿ ಮಾತ್ರ ತಂದು ಪಕ್ಕದಲ್ಲಿ ಇಟ್ಟು ಹೋಗುತ್ತಾರೆ, ಮೊದಲಿಗಿಂತ ಸ್ಟ್ರಾಂಗು. ಕುಡಿಯುತ್ತೇನೆ.

ಅಕ್ಟೋಬರ್ 9, ಗುರುವಾರ

ಬ್ಯಾಟು ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ — ದಾರಿಯೇನು, ಹತ್ತು ಹೆಜ್ಜೆ — ಹೇಗೆ ಶುರುಮಾಡುವುದು ಎಂದು ಯೋಚಿಸಿದ್ದು ದಂಡ. ವೆರಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದರು.

"ಇದೇನು ವಾಸನೆ?"

ಶ್ರೀಗಂಧ. ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಎಲ್ಲ ಹೇಳಿದೆ, ಒಂದೇ ಉಸಿರಿಗೆ. ವೆರಾ ಬ್ಯಾಟನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಮ್ಮನಿಗೂ ಮುಟ್ಟೋಕೆ ಬಿಟ್ಟಿರ್ಲಿಲ್ಲ ಇದನ್ನ ನಾನು. ನನ್ನ ಸ್ವಂತ ಅಮ್ಮನಿಗೆ."

"ವೆರಾ, ದಯವಿಟ್ಟು…"

"ಬ್ಯಾಟು ಇಲ್ಲೇ ಇರ್ಲಿ. ನೀನು ಮನೆಗೆ ಹೋಗು."

ಸ್ವರ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 20, ಸೋಮವಾರ. ದೀಪಾವಳಿ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯಲು ಇರಲೂ ಇಲ್ಲ. ವೆರಾ ಫೋನು ಎತ್ತುತ್ತಿಲ್ಲ, ಬೆಲ್ಲು ಮಾಡಿದರೆ ಬಾಗಿಲು ತೆಗೆಯುತ್ತಿಲ್ಲ.

ಊಟವಾದ ಮೇಲೆ ಇವರು ನಾಪತ್ತೆ. ಕೋಡುಬಳೆ ಡಬ್ಬಿಯೂ ನಾಪತ್ತೆ. ದೀಪ ಹಚ್ಚುವ ಹೊತ್ತಿಗೆ ಬಂದರು.

"ಎಲ್ಲಿಗ್ರೀ ಹೋಗಿದ್ದು ಹಬ್ಬದ ದಿನ?"

"ವೆರಾ ಮನೆಗೆ."

ಇಷ್ಟು ವರ್ಷದಲ್ಲಿ ಇವರು ಆ ಮನೆಯಲ್ಲಿ ಒಂದು ದಿನ ಕೂತವರಲ್ಲ. ಬೇಲಿಯಿಂದಲೇ ಹಲೋ.

"ತಪ್ಪು ನಂದು, ಜಲಜಂದಲ್ಲ ಅಂದೆ. ಯಾಕೆ ಮಾಡ್ದೆ ಅಂತ ಕೇಳಿದ್ರು. ವರ್ಷವಿಡೀ ನಮಗೋಸ್ಕರ ದುಡಿದಿರೋದಕ್ಕೆ ಒಂದು ದಿನ ಕೆಲಸ ಹೇಳಲ್ಲ, ಕೈ ಮುಗೀತೀವಿ ಅಂದೆ. ನನ್ನ ಇಂಗ್ಲಿಷಲ್ಲಿ ಎಷ್ಟು ತಿಳೀತೋ."

"ಆಮೇಲೆ?"

"ಹಿಡಿಗೂ ಹಚ್ಚಿದ್ಯಾ ಅಂದ್ರು. ಇಲ್ಲ, ಅಲ್ಲಿ ಇನ್ನೊಬ್ಬರ ಕೈ ಇದ್ದಂಗೆ ಕಾಣ್ತು, ಮುಟ್ಟಲಿಲ್ಲ ಅಂದೆ. ಆಮೇಲೆ ಅವತ್ತು ಸ್ನಾನ ಮಾಡಿದ್ಯಾ ಅಂತ ಕೇಳಿದ್ರು ಕಣೇ! ಹೂಂ, ಸ್ನಾನ ಮಾಡ್ದೇ ಮುಟ್ಟಲ್ಲ ಅಂದೆ. ಹ್ಯಾಂಕ್ ವಾರಕ್ಕೊಂದ್ಸಲ ಮಾಡಿದ್ರೆ ಹೆಚ್ಚು ಅಂತ ನಕ್ಕರು."

ಅಷ್ಟರಲ್ಲಿ ಫೋನು. ವೆರಾ.

"ಕಲೆ ತೆಗೆಸೋದು ಬೇಡ. ಇದ್ದಿದ್ದು ಇದ್ದ ಹಾಗೇ ಬರೆಸು. ಆ ಖಾರದ ಬಳೆ ಇನ್ನಷ್ಟು ಕಳಿಸು."

ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತು ಅತ್ತೆ. ಇಂಥ ಮನುಷ್ಯ ನನಗೆ ಸಿಕ್ಕಿದ್ದಾರಲ್ಲ ಎಂದು. ಇವರಿಗೆ ಹೇಳಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ನವೆಂಬರ್ 8, ಶನಿವಾರ. ಸಂಜೆ

ಹರಾಜು. ಈಗಷ್ಟೇ ಮನೆಗೆ ಬಂದೆವು. ಕೈಕಾಲು ತೊಳೆಯದೆ ಬರೆಯಲು ಕೂತಿದ್ದೇನೆ, ಒಂದೂ ಬಿಟ್ಟುಹೋಗಬಾರದು.

ವೆರಾ ನೀಲಿ ಕೋಟು ಹಾಕಿಸಿಕೊಂಡು ಗಾಲಿಕುರ್ಚಿಯಲ್ಲಿ. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಇವರು. ಬ್ಯಾಟಿನ ಸರದಿ ಬಂತು. ಕಲೆಯ ವಿಷಯ ಓದಿ ಹೇಳಿದರು. ಫೋನಿನ ಮೇಜು ಗಪ್ಚಿಪ್. ಮಾರ್ಸಿ ನನ್ನ ಕಡೆ ನೋಡಿ ತಲೆಯಾಡಿಸಿದಳು. ಬೆಲೆ ಇಳಿಸಿದರು. ಯಾರೂ ಇಲ್ಲ. ಇನ್ನೂ ಇಳಿಸಿದರು. ವೆರಾ ನನ್ನ ಮಣಿಕಟ್ಟು ಹಿಡಿದಿದ್ದ ಹಿಡಿತ ಬಿಗಿಯಾಯಿತು. ಬಾರಿನ ಗೋಡೆ ಕಣ್ಣ ಮುಂದೆ ಬಂತು. ಇವರು ಬಾಯೊಳಗೇ ರಾಯರನ್ನು ಕರೆಯುತ್ತಿದ್ದರು.

ಹಿಂದಿನ ಸಾಲಿನಲ್ಲಿ ಒಂದು ನಂಬರ್ ಕಾರ್ಡು ಮೇಲೆದ್ದಿತು. ಇನ್ನೊಂದು ಎದ್ದಿತು. ಮೊದಲಿನದೇ ಮತ್ತೆ. ಸುತ್ತಿಗೆ ಬಿತ್ತು.

ಹೆಸರು ರೂಬೆನ್. ಗಿಲ್‌ರಾಯ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಬೇಸ್‌ಬಾಲ್ ಕೋಚು. ಇಂಥ ಬ್ಯಾಟು ತನ್ನ ಕೈಗೆಟುಕುತ್ತದೆ ಎಂದುಕೊಂಡೇ ಇರಲಿಲ್ಲವಂತೆ, ಸುಮ್ಮನೆ ನೋಡಿಹೋಗಲು ಬಂದಿದ್ದ. ವೆರಾ ಕೈ ಚಾಚಿದರು. ಕುಲುಕಿದ ಮೇಲೂ ಬಿಡಲಿಲ್ಲ, ಅವನ ಅಂಗೈಯನ್ನು ಹೆಬ್ಬೆರಳಿನಿಂದ ತಡವಿದರು.

"ಗಟ್ಟಿ ಕೈ. ನೀನೂ ಆಡ್ತೀಯಾ?"

"ಮಕ್ಕಳ ಜೊತೆ, ದಿನಾ." ಬ್ಯಾಟಿನ ಕಡೆ ನೋಡಿ ಕೇಳಿದ, "ಮ್ಯಾಡಮ್, ಇದನ್ನ ಒಂದ್ಸಲ ಬೀಸಿ ನೋಡ್ಲಾ? ಕಲೆ ಇಲ್ದೆ ಇರೋ ಬ್ಯಾಟಾಗಿದ್ರೆ ಕೇಳೋ ಧೈರ್ಯನೇ ಬರ್ತಿರ್ಲಿಲ್ಲ."

ಮಾರ್ಸಿ ಗಾಬರಿಯಾಗಿ ಒಳಗೆ ಬೇಡ ಎಂದಳು. ಹಿಂದಿನ ಪಾರ್ಕಿಂಗಿಗೆ ಹೋದೆವು. ಇವರು ಕುರ್ಚಿ ತಳ್ಳಿದರು. ರೂಬೆನ್ ಜಾಕೆಟ್ಟು ತೆಗೆದು ನನ್ನ ಕೈಗೆ ಕೊಟ್ಟ. ಹಿಡಿಯ ಮೇಲೆ ಕಪ್ಪಗಿರುವ ಜಾಗದಲ್ಲೇ ಅವನ ಎರಡೂ ಕೈ ಹೋಗಿ ಕೂತವು. ಬೀಸಿದ. ಗಾಳಿ ಸುಯ್ ಎಂದಿತು.

ವೆರಾ ಕಣ್ಣು ಮುಚ್ಚಿಕೊಂಡರು.

"ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ ಅವನು. ಕತ್ತಲಾದ ಮೇಲೂ ಹಿತ್ತಲಲ್ಲಿ ಇದೇ ಸದ್ದು. ಕೇಳ್ತಾ ಕೇಳ್ತಾ ನಂಗೆ ನಿದ್ದೆ ಬಂದುಬಿಡೋದು." ಆಮೇಲೆ, "ಇನ್ನೊಂದ್ಸಲ" ಎಂದರು.

ಬೀಸಿದ.

"ಇನ್ನೊಂದ್ಸಲ."

ಇವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಜಲಜಾ, ನಾನು ಅವತ್ತು…" ಎಂದರು. ಮುಗಿಸಲು ಬಿಡದೆ ಕೈ ಹಿಡಿದುಕೊಂಡೆ. ಜನರ ಎದುರಿಗೇ. ವೆರಾ ಮತ್ತೆ ಕೇಳಿದರು. ರೂಬೆನ್ ಕುರ್ಚಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದು, ಕಾಲು ಅಗಲಿಸಿ ನಿಂತು, ಬ್ಯಾಟು ಎತ್ತಿ ಹಿಡಿದು, ವೆರಾಗೆ ಸದ್ದು ಚೆನ್ನಾಗಿ ಕೇಳುವಂತೆ ಮತ್ತೊಮ್ಮೆ ಬೀಸಿದ.