ಅಂಗಾತ ಮಲಗಿದ ಬೆಕ್ಕು

ಅಕ್ಟೋಬರ್ 14, ಮಂಗಳವಾರ

ಗಾನವಿ ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇ ತಲೆ ಕೊರೆಯುತ್ತಿದೆ.

ಈ ಲಿವರ್‌ಮೋರ್ ಊರು ಬಿಟ್ಟು ಕ್ಯುಪರ್ಟಿನೋಗೆ ಹೋಗುತ್ತೇವೆ, ಜನವರಿಯಿಂದ ಹೊಸ ಸ್ಕೂಲು ಎಂದು ಸಂಜೆ ಹೇಳಿದೆ. ಹತ್ತು ವರ್ಷದ ಹುಡುಗಿ, ಅಳುತ್ತಾಳೆ, ಬಾಗಿಲು ಬಡಿಯುತ್ತಾಳೆ ಎಂದುಕೊಂಡಿದ್ದೆ. ಕಾರ್ಪೆಟ್ ಮೇಲೆ ಅಂಗಾತ ಮಲಗಿ, "ಓಕೆ ಅಮ್ಮಾ" ಅಂದಳು. ಅಷ್ಟೇ.

"ನೋಡಿ, ಒಪ್ಕೊಂಡ್ಳು. ನೀವು ಸುಮ್ನೆ ಹೆದರ್ತಿದ್ರಿ" ಎಂದು ನನ್ನ ಗಂಡ ಜಗನ್‌ಗೆ ಹೇಳಿ, ಗೆದ್ದವಳ ಹಾಗೆ ಸಾರಿಗೆ ಒಗ್ಗರಣೆ ಹಾಕಿದೆ.

ಊಟಕ್ಕೆ ಕೂತಾಗ ಅವಳನ್ನು ಖುಷಿಪಡಿಸಲು ಬೆಕ್ಕುಗಳ ಸುದ್ದಿ ತೆಗೆದೆ. ಮನೆ ಹಿಂದಿನ ಗುಡ್ಡದಲ್ಲಿ ಕಾಡುಬೆಕ್ಕುಗಳ ಪಡೆಯೊಂದಿದೆ ಎಂದು ಅವಳೇ ಕಟ್ಟಿಕೊಂಡ ಕತೆ. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಕಿವಿ ಹಿಂದಕ್ಕೆ ಒತ್ತಿದರೆ ಕೋಪ, ಬಾಲ ಉಬ್ಬಿದರೆ ಹೆದರಿಕೆ. ಇಷ್ಟು ನನಗೂ ಬಾಯಿಪಾಠ.

"ಅಂಗಾತ ಮಲಗಿದ್ರೆ ಸೋತೆ ಅಂತ ತಾನೇ?" ಎಂದೆ.

"ನೋ ಅಮ್ಮಾ!" ಅನ್ನ ಕಲಸುತ್ತಲೇ ಹೇಳಿದಳು. "ದಟ್ಸ್ ದ ಟ್ರಿಕ್. ದೊಡ್ಡ ಕ್ಯಾಟು ತಾನೇ ಗೆದ್ದೆ ಅಂತ ಹತ್ರ ಬರತ್ತೆ. ಆಗ ಚಿಕ್ಕದಕ್ಕೆ ನಾಲ್ಕೂ ಕಾಲಿನ ಉಗುರು ರೆಡಿ ಇರತ್ತೆ."

"ಆಮೇಲೆ?"

"ಶಿ ವೇಟ್ಸ್."

ಜಗನ್ ಜೋರಾಗಿ ನಕ್ಕರು. ನಾನು ಕಾರ್ಪೆಟ್ ಕಡೆ ನೋಡಿದೆ.

ಒಗೆದಿಟ್ಟಿದ್ದ ಹೊದಿಕೆ ಹೊದಿಸಿ ಬರೋಣವೆಂದು ಈಗಷ್ಟೇ ಅವಳ ರೂಮಿಗೆ ಹೋದೆ. ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಮಡಚಿದ ಕೈಗಳು ಎದೆಯ ಮೇಲಿದ್ದವು. ನಿದ್ದೆಯೋ ಏನೋ, ಗೊತ್ತಾಗಲಿಲ್ಲ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸು ಬಂದುಬಿಟ್ಟೆ.

ಅವಳ ಹೊದಿಕೆ ಇನ್ನೂ ನನ್ನ ಮಡಿಲಲ್ಲೇ ಇದೆ.