ತಮ್ಮನ ಪೊರಕೆ

ಮಾರ್ಚ್ ೪, ಮಂಗಳವಾರ, ಬೆಳಿಗ್ಗೆ

ಮತ್ತೆ ಸತ್ತೆ. ಅಂಗಡಿಗೆ ಹೊರಡುವ ಮುಂಚೆ ಸ್ವಲ್ಪ ಹೊತ್ತು ಕೂತಿದ್ದೆ, ಅಷ್ಟೇ. ಎರಡನೇ ಮಹಡಿಯ ಆ ಧೂಳಿನ ನಾಯಿ ಇನ್ನೂ ಅಲ್ಲೇ ಇದೆ. ನಾನು ಇಲ್ಲ.

ತಮ್ಮ ಮಾಡಿದ ಗೇಮ್. ಹೆಸರು 'ಪೊರಕೆ'. ಮುಚ್ಚಿಹೋದ ಒಂದು ಗಿರಣಿ, ಅದರಲ್ಲಿ ಕಸ ಗುಡಿಸುವ ಹೆಂಗಸು, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ಒಂದೊಂದು ಮಹಡಿಯಲ್ಲೂ ಧೂಳಿನಿಂದ ಎದ್ದ ಒಂದೊಂದು ಪ್ರಾಣಿ. ಪೊರಕೆ ಸೇವೆ ಮಾಡಿ ಮೇಲೆ ಹತ್ತಬೇಕು. ಎಲ್ಲ ಚಪ್ಪಟೆ ಚಿತ್ರ, ಎಡದಿಂದ ಬಲಕ್ಕೆ ಓಟ. ಚಿತ್ರ, ಸದ್ದು, ಪ್ರೋಗ್ರಾಮ್ ಎಲ್ಲ ಅವನೊಬ್ಬನದೇ. ವರ್ಷಗಟ್ಟಲೆ ಕೋಣೆಯಲ್ಲೇ ಬಿದ್ದಿದ್ದ. ಊಟಕ್ಕೆ ಕರೆದು ಕರೆದು ಅಮ್ಮನ ಗಂಟಲು ಬಿತ್ತು.

ಚಿಕ್ಕಪ್ಪ ಕೋಲ್ಡ್ ಸ್ಟೋರೇಜಿನಲ್ಲಿ ಅವನಿಗೊಂದು ಸೂಪರ್‌ವೈಸರ್ ಕೆಲಸ ಹಿಡಿದಿಟ್ಟಿದ್ದಾರೆ. ತಿಂಗಳೊಳಗೆ ಹೂಂ ಅನ್ನಬೇಕು. ಇವನು ನನ್ನ ಹತ್ತಿರ ಬಂದ. ಅಕ್ಕ, ನೀನು ಮುಲಾಜಿಲ್ಲದೆ ಹೇಳ್ತೀಯ, ಆಡಿ ನೋಡು, ಚೆನ್ನಾಗಿಲ್ಲ ಅಂದರೆ ಮಡಚಿಟ್ಟು ಕೆಲಸಕ್ಕೆ ಹೋಗ್ತೀನಿ ಎಂದ. ಒಪ್ಪಿಕೊಂಡೆ. ಚೆನ್ನಾಗಿಲ್ಲ ಅಂತ ಹೇಳುವುದಕ್ಕೇ ಒಪ್ಪಿಕೊಂಡೆ. ಇಲ್ಲಿ ಬರೆದುಕೊಳ್ಳಲು ಯಾರ ಹೆದರಿಕೆ? ಅವನಿಗೆ ಸಂಬಳ ಅಂತ ಒಂದು ಬಂದರೆ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ.

ಮಾರ್ಚ್ ೫, ಬುಧವಾರ, ಮಧ್ಯಾಹ್ನ

ಕನ್ನಡಕದ ಅಂಗಡಿಯ ಹಿಂದಿನ ಕೋಣೆ. ಲೆನ್ಸ್ ಉಜ್ಜುವ ಮೆಷಿನ್ ತಿರುಗುತ್ತಿದೆ. ಕೈ ಫ್ರೇಮಿನ ಮೇಲೆ, ತಲೆ ನಾಯಿಯ ಮೇಲೆ.

ಈಗ ಹೊಳೆಯಿತು. ಅದು ಹಾರುವ ಮುಂಚೆ ಹಿಂಗಾಲನ್ನು ಒಮ್ಮೆ ನೆಲಕ್ಕೆ ಉಜ್ಜುತ್ತದೆ. ಪ್ರತಿ ಸಲವೂ! ಕದ್ದು ಹೊಡೆಯುವುದಿಲ್ಲ, ಹೇಳಿಯೇ ಹೊಡೆಯುತ್ತದೆ. ನೋಡುವ ತಾಳ್ಮೆ ನನಗಿರಲಿಲ್ಲ. ಅವಸರಕ್ಕೇ ಹುಟ್ಟಿದವಳು ಅಂತ ಅಮ್ಮ ಸುಮ್ಮನೆ ಅನ್ನುವುದಿಲ್ಲ.

ಸಂಜೆ ಮನೆಗೆ ಹೋದ ಕೂಡಲೇ... ಬರೀ ಕುತೂಹಲ. ಬೇರೇನಿಲ್ಲ.

ಸಂಜೆ

ನಾಯಿ ಬಿತ್ತು. ಕೂಗಿಬಿಟ್ಟೆ. ಅಮ್ಮ ಅಡುಗೆಮನೆಯಿಂದ ಓಡಿಬಂದಳು, ಏನಾಯ್ತು ಅಂತ. ನಾಯಿ ಸತ್ತಿತು ಅಂದೆ. ಪಾಪ, ಯಾರ ಮನೆಯದು ಅಂದಳು.

ಮಾರ್ಚ್ ೯, ಭಾನುವಾರ

ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಆದರೂ ಬರೆಯುತ್ತೇನೆ.

ಆ ಪೊರಕೆಗೆ ತೂಕ ಇದೆ. ಬೀಸಿದರೆ ತುದಿಯ ಕಡ್ಡಿಗಳು ಒಂದು ಚೂರು ಹಿಂದುಳಿದು ಆಮೇಲೆ ಬರುತ್ತವೆ. ಆ ಚೂರು ಕೈಗೆ ತಿಳಿಯುತ್ತದೆ. ಹಾರಿದರೆ ಎಲ್ಲಿ ಬೀಳುತ್ತೇನೆಂದು ಹಾರುವಾಗಲೇ ಗೊತ್ತು. ಸತ್ತರೆ ತಪ್ಪು ನನ್ನದೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ — ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಇನ್ನೊಂದು. ಸತ್ತು ವಾಪಸ್ ಬಂದರೂ ಹಿಂದಿನ ಸಲ ಗುಡಿಸಿದ ನೆಲ ಹಾಗೇ ಹೊಳೆಯುತ್ತಿರುತ್ತದೆ. ಸೋತದ್ದು ಪೂರ್ತಿ ದಂಡವಾಗಲಿಲ್ಲ ಅಂತ. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯುವ ನನ್ನ ತಮ್ಮನೇ ಇದನ್ನು ಯೋಚಿಸಿದ್ದು?

ಕೊರತೆಗೂ ಕೊರತೆಯಿಲ್ಲ. ಅಕ್ಷರಗಳು ಇರುವೆ ಸಾಲು. ಕನ್ನಡಕದ ಅಂಗಡಿಯವಳೇ ಕಣ್ಣು ಕಿರಿದು ಮಾಡಿ ಓದಬೇಕು. ಗೋಡೆಯೂ ಬೂದು, ಧೂಳೂ ಬೂದು, ಯಾವುದು ಗೋಡೆ ಯಾವುದು ವೈರಿ ಅಂತ ಮೂತಿಗೆ ಬಡಿದ ಮೇಲೆ ತಿಳಿಯುತ್ತದೆ. ಸತ್ತರೆ ಮೆಟ್ಟಿಲ ಬುಡದಲ್ಲಿರುವ ಬಕೆಟ್ಟಿನಿಂದ ಮತ್ತೆ ಶುರು. ಅದೇ ಮೆಟ್ಟಿಲು, ಅದೇ ಇಲಿಗಳು. ಸಾಯುವುದಕ್ಕೆ ಬೇಜಾರಿಲ್ಲ ಮಾರಾಯ, ಆ ನಡಿಗೆಗೆ ಬೇಜಾರು.

ಮಾರ್ಚ್ ೧೬, ಭಾನುವಾರ

ವಾರವೆಲ್ಲ ಬರೆದಿಲ್ಲ. ಬರೆಯಲು ಏನಿದೆ, ಮೂರನೇ ಮಹಡಿಯಲ್ಲೇ ಕೊಳೆಯುತ್ತಿದ್ದೇನೆ.

ಬಾಯ್ಲರಿನ ಗಾತ್ರದ ಒಬ್ಬ ಧೂಳಿನ ದಡಿಯ. ಮೆಟ್ಟಿಲ ಹತ್ತಿರ ಒಬ್ಬ ಮುದಿ ಕಾವಲುಗಾರ ಕೂತು ಉಪಾಯ ಹೇಳುತ್ತಾನೆ: 'ಅವನು ಉಸಿರು ಎಳೆದಾಗ ತಡಿ.' ತಡೆಯುತ್ತಲೇ ಇದ್ದೇನಲ್ಲ! ಪೊರಕೆ ಅಡ್ಡ ಹಿಡಿಯುವ ಬಟನ್ನಿನ ಹೆಸರೇ 'ತಡೆ'. ಉಸಿರು ಎಳೆದ ಕೂಡಲೇ ಒತ್ತುತ್ತೇನೆ. ಅವನು ಎಳೆಯುತ್ತಲೇ ಇರುತ್ತಾನೆ. ಗುಡಿಸುವವಳ ಕೈ ಸೋತು ಪೊರಕೆ ಕೆಳಗಿಳಿಯುತ್ತದೆ. ಆಗ ಒಂದೇ ಏಟು, ನೇರ ಬಕೆಟ್ಟಿಗೆ.

ಇದು ಕಷ್ಟವಲ್ಲ, ಮೋಸ. ಇಲ್ಲಿಯವರೆಗೆ ನ್ಯಾಯವಾಗಿದ್ದ ಗೇಮ್ ಇಲ್ಲಿ ಕೈಕೊಟ್ಟಿತು. ಚೆನ್ನಾಗಿಲ್ಲ ಅನ್ನಲು ಕಾರಣ ಸಿಕ್ಕಿತಲ್ಲ, ಖುಷಿಯಾಗಬೇಕಿತ್ತು. ಆಗಲಿಲ್ಲ. ಬೇಜಾರಾಯಿತು.

ಮಾರ್ಚ್ ೧೮, ಮಂಗಳವಾರ

ಅವನ ಕೋಣೆಗೆ ನುಗ್ಗಿ ಎಲ್ಲ ಒದರಿದೆ. ಅಕ್ಷರ, ಬೂದು ಬಣ್ಣ, ಬಕೆಟ್ಟು, ಕೊನೆಗೆ ಮೂರನೇ ಮಹಡಿ. ನಿನ್ನ ಕಾವಲುಗಾರ ಸುಳ್ಳ ಅಂದೆ. ಆಡಿ ತೋರಿಸು ಅಂದ. ಆಡಿದೆ, ಸತ್ತೆ. ಅವನು ಪರದೆ ನೋಡುತ್ತಿರಲಿಲ್ಲ, ನನ್ನ ಬೆರಳು ನೋಡುತ್ತಿದ್ದ.

"ಬಟನ್ ಯಾಕೆ ಒತ್ತಿದೆ ಅಕ್ಕ? ತಡಿ ಅಂದ್ನಲ್ಲ ಅವನು."

"ಅದಕ್ಕೇ ತಡೆದೆ."

"ತಡಿ ಅಂದ್ರೆ ಸ್ವಲ್ಪ ನಿಲ್ಲು ಅಂತ. ಸುಮ್ನಿರು, ಅವನು ಉಸಿರು ಬಿಟ್ಟ ಮೇಲೆ ಹೊಡಿ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. 'ತಡೆ' ಅಂತ ಬರೆಯುವುದನ್ನು ಬಾಯಲ್ಲಿ 'ತಡಿ' ಅನ್ನುವ ಜನ ನಾವು. ಅಡ್ಡ ಹಿಡಿಯುವುದಕ್ಕೂ ಅದೇ ಮಾತು, ಕಾಯುವುದಕ್ಕೂ ಅದೇ ಮಾತು. ಬರೆದವನಿಗೆ ಅರ್ಥ ಮೊದಲೇ ಗೊತ್ತು, ಅವನೊಬ್ಬನೇ ಆಡಿದ್ದ, ಹೇಗೆ ತಿಳಿಯಬೇಕು? ನನಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ. ಒಂದು ಮಾತು ನೆಟ್ಟಗೆ ಬರೆಯಲು ಬಾರದವನು ಗೇಮ್ ಮಾಡಲು ಹೊರಟೆ ಎಂದು ಲ್ಯಾಪ್‌ಟಾಪ್ ಮುಚ್ಚಿದ.

ಮಾರ್ಚ್ ೧೯, ಬುಧವಾರ, ಬೆಳಿಗ್ಗೆ

ನನ್ನ ಕಂಪ್ಯೂಟರಿನಲ್ಲಿದ್ದ ಕಾಪಿಯಲ್ಲೇ ಆಡಿದೆ. ದಡಿಯ ಉಸಿರು ಎಳೆದ. ನಿಂತೆ. ನಾನು, ಹಾಲು ಉಕ್ಕುವ ತನಕ ನಿಲ್ಲಲಾರದವಳು, ಬೆರಳು ಎತ್ತಿ ಹಿಡಿದು ನಿಂತೆ. ಅವನು ಉಸಿರು ಬಿಟ್ಟ. ಧೂಳೆಲ್ಲ ಎರಡು ಪಾಲಾಗಿ ಸರಿದು ನಡುವೆ ಸಣ್ಣ ದಾರಿ ತೆರೆಯಿತು. ನುಗ್ಗಿ ಹೊಡೆದೆ. ಕುಸಿದ.

ಮೋಸವೇ ಅಲ್ಲ. ಇಡೀ ಗೇಮಿನಲ್ಲಿ ಅಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಕಣ್ಣು ತುಂಬಿ ಬಂತು, ನಾಚಿಕೆಯಾಯಿತು. ಹೇಳೋಣವೆಂದು ಹೋದೆ, ಅವನು ಚಿಲಕ ಹಾಕಿಕೊಂಡಿದ್ದ. ಅಂಗಡಿಗೆ ಹೊತ್ತಾಗಿತ್ತು.

ಮಾರ್ಚ್ ೨೩, ಭಾನುವಾರ

ಚಿಕ್ಕಪ್ಪ ಬಂದಿದ್ದರು. ನಾಳೆಯಿಂದಲೇ ಬಾ ಅಂದರು. ಇವನು ಹೂಂ ಅಂದ. ಅಮ್ಮನ ಮುಖ ಎಷ್ಟು ಅರಳಿತು! ನಾನು ಬಯಸಿದ್ದೂ ಇದನ್ನೇ. ಆದರೆ ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದೆ.

ಅವರು ಹೋದ ಮೇಲೆ ಯಾಕೋ ಹೂಂ ಅಂದೆ ಎಂದು ಕೇಳಿದೆ. ನೀನೇ ಚೆನ್ನಾಗಿಲ್ಲ ಅಂದೆಯಲ್ಲ ಅಂದ. ನಾನು ಯಾವಾಗ ಅಂದೆ? ಅಕ್ಷರ, ಬಣ್ಣ, ಬಕೆಟ್ಟು... ಬೆರಳು ಮಡಚುತ್ತಾ ಹೋದ. ಅಯ್ಯೋ ದೇವರೇ. ಬೈದದ್ದನ್ನೆಲ್ಲ ಅವನಿಗೆ ಹೇಳಿದ್ದೇನೆ, ಮೆಚ್ಚಿದ್ದನ್ನೆಲ್ಲ ಇಲ್ಲಿ ಬರೆದುಕೊಂಡಿದ್ದೇನೆ. ಈ ಮನೆಯ ರೂಢಿಯೇ ಅದು. ಅಡುಗೆ ಚೆನ್ನಾಗಿದ್ದರೆ ತೆಪ್ಪಗೆ ತಿನ್ನುತ್ತೇವೆ, ಉಪ್ಪು ಕಡಿಮೆಯಾದರೆ ಮಾತ್ರ ಬಾಯಿ ಬಿಡುತ್ತೇವೆ.

ನಿಂತಲ್ಲೇ ಹೇಳಿದೆ. ಅಭ್ಯಾಸವಿಲ್ಲದ ಕೆಲಸ, ನಾಲಿಗೆ ತೊದಲಿತು. ಪೊರಕೆಯ ತೂಕ, ನಾಯಿಯ ಹಿಂಗಾಲು, ಗುಡಿಸಿದ ನೆಲ, ಆ ಉಸಿರು, ಆ ದಾರಿ.

"ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ."

"ಸಮಾಧಾನಕ್ಕೆ ಹೇಳ್ತಿದೀಯ."

"ನಾನು ಯಾವತ್ತು ಯಾರಿಗೆ ಸಮಾಧಾನ ಹೇಳಿದೀನಿ?"

ಅದನ್ನು ಮಾತ್ರ ನಂಬಿದ. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾರ್ಚ್ ೨೪, ಸೋಮವಾರ, ಬೆಳಿಗ್ಗೆ

ಹೋಗಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಬೇಡ ಅಂದ. ಅವರು ಕೂಗಾಡಿದ್ದು ನನ್ನ ಕೋಣೆಗೂ ಕೇಳಿಸಿತು. ಈಗ ಅಕ್ಷರ ದೊಡ್ಡದು ಮಾಡುತ್ತಾ ಕೂತಿದ್ದಾನೆ. 'ತಡಿ' ಬದಲು 'ಕಾಯಿ' ಅಂತ ಹಾಕಲೇ ಅಂದ. ಜನ ಕಾಯಿ ಎಲ್ಲಿದೆ ಅಂತ ಹುಡುಕುತ್ತಾರೆ ಅಂದೆ. 'ಸ್ವಲ್ಪ ನಿಲ್ಲು' ಅಂತ ಆಯಿತು. ಬಕೆಟ್ಟನ್ನು ಮಾತ್ರ ಜರುಗಿಸುವುದಿಲ್ಲವಂತೆ. ಮೆಟ್ಟಿಲು ಹತ್ತುವಾಗಲೇ ಬುದ್ಧಿ ಬರುವುದಂತೆ. ಹಠಮಾರಿ.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಪಾತ್ರೆಗಳ ಜೊತೆ ಮಾತಾಡುತ್ತಿದ್ದಾಳೆ, ಜೋರಾಗಿ.

ಭಯವಾಗುತ್ತಿದೆ. ಯಾರೂ ಕೊಳ್ಳದಿದ್ದರೆ? ಕೈಗೆ ಬಂದ ಕೆಲಸ ತಪ್ಪಿಸಿದವಳು ನಾನೇ ಆಗುತ್ತೇನೆ. ಆದರೂ ಹೇಳಿದ್ದು ಸುಳ್ಳಲ್ಲ. ಅಮ್ಮನಿಗೂ ಹೇಳಬೇಕು, ಮುಖ ಕೊಟ್ಟು...

ಪಾತ್ರೆ ಸದ್ದು ನಿಂತಿತು. ಬಾಗಿಲಲ್ಲಿ ನಿಂತಿದ್ದಾಳೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. ನಿನ್ನ ತಲೆಯನ್ನೂ ಕೆಡಿಸುವಂಥದ್ದು ಏನಿದೆ ಅದರಲ್ಲಿ, ತೋರಿಸು ಅಂತಿದ್ದಾಳೆ. ಕುರ್ಚಿ ಎಳೆದುಕೊಂಡಳು. ಪೊರಕೆ ಹಿಡಿಯೋದಕ್ಕೆ ಯಾವುದನ್ನ ಒತ್ತಬೇಕು ಅಂತ ಕೇಳ್ತಿದ್ದಾಳೆ.