ಒಂದೇ ಟ್ಯಾಂಕಿನ ಹಾಲು

12-6-2006, ಸೋಮವಾರ

ಹಾಲು ಅಳೆದು, ಫ್ಯಾಟ್ ನೋಡಿ, ಕ್ಯಾನುಗಳನ್ನು ಲಾರಿಗೆ ಏರಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಗುರುವಾರದಿಂದ ಈ ಕಷ್ಟವಿಲ್ಲ. ಹಾಲು ತಣ್ಣಗಿಡುವ ಕೂಲರ್ ಬಂದಿದೆ. ಒಳಗೂ ಹೊರಗೂ ಸ್ಟೀಲು, ಒಬ್ಬಳು ಒಳಗೆ ಮಲಗಬಹುದು, ಅಷ್ಟು ದೊಡ್ಡದು. ಹನಗೋಡಿನ ಸುತ್ತ ಹೆಂಗಸರ ಡೈರಿಗೆ ಸಿಕ್ಕಿದ್ದು ನಮಗೇ ಮೊದಲು. ಅಧ್ಯಕ್ಷೆ ನಮ್ಮತ್ತೆ ಕೆಂಪಾಜಮ್ಮ, ಉದ್ಘಾಟನೆಗೆಂದು ಆಗಲೇ ಸೀರೆ ಇಸ್ತ್ರಿಗೆ ಕೊಟ್ಟಿದ್ದಾರೆ. ಸೆಕ್ರೆಟರಿ ನಾನು. ನೆಲ ತೊಳೆಯಬೇಕು.

ಒಂದೇ ಯೋಚನೆ. ಕೆಳಗಿನ ಕೇರಿಯಿಂದ ಹಾಲು ತರುವವಳು ರಾಚಮ್ಮ ಒಬ್ಬಳೇ. ಅವಳ ಹಾಲಿಗೆ ಇಷ್ಟು ದಿನ ಬೇರೆ ಕ್ಯಾನು. ಹಾಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ, ನಡೆದುಬಂದಿದೆ. ಕೂಲರಿಗೆ ಇರುವುದು ಒಂದೇ ಬಾಯಿ...

15-6-2006, ಗುರುವಾರ

ಟೇಪು ಕತ್ತರಿಸಿದ್ದಾಯಿತು. ಹಾಲು ಯೂನಿಯನ್ ಸಾಹೇಬರು ಭಾಷಣ ಮಾಡಿದರು. ಲಾಡು ಹಂಚಿದರು. ಸಂಜೆ ರಾಚಮ್ಮ ಎಂದಿನಂತೆ ಕೊನೆಗೆ ಬಂದಳು. ಪಾತ್ರೆ ಕೆಳಗಿಟ್ಟು ದೂರ ನಿಂತಳು.

"ನಂದು ಎಲ್ಲಿಗೆ ಉಯ್ತೀಯವ್ವ?"

"ಇದಕ್ಕೇ."

"ನೋಡ್ಕಂಡು ಮಾಡು ಕಣವ್ವ. ಆಮೇಲೆ ನನ್ನ ತಲೆ ಮ್ಯಾಲೆ ಬತ್ತದೆ."

ಸುರಿದೆ. ಬಾಗಿಲ ಬಳಿ ಲಾಡು ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು.

16-6-2006, ಬೆಳಿಗ್ಗೆ

ಮೇಲಿನ ಬೀದಿಯಿಂದ ಒಬ್ಬರೂ ಬರಲಿಲ್ಲ. ನಮ್ಮ ಮನೆಯ ಹಾಲನ್ನೂ ಅತ್ತೆ ಕಳಿಸಲಿಲ್ಲ. ಇದ್ದದ್ದು ರಾಚಮ್ಮನ ಹಾಲು ಮಾತ್ರ. ಕೂಲರಿನೊಳಗಿನ ಕಲಕುವ ರೆಕ್ಕೆಗೂ ತಾಗಲಿಲ್ಲ. ಅದು ಬರಿದೇ ತಿರುಗುತ್ತಿತ್ತು.

19-6-2006

ಮೀಟಿಂಗು. ಅತ್ತೆ ಸಮಾಧಾನದಲ್ಲೇ ಹೇಳಿದರು — "ರಾಚಿ, ನೀನು ಹುಣಸೂರು ಓಟ್ಲಿಗೆ ಆಕ್ಬುಡು. ಅವ್ರು ಒಳ್ಳೆ ರೇಟು ಕೊಡ್ತಾರೆ."

ರಾಚಮ್ಮ ತಲೆ ಎತ್ತಿದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಆ ಓಟ್ಲಲ್ಲಿ ಟೀ ಕುಡಿಯೋರು ನೀವೇ ತಾನೆ ಕೆಂಪಾಜವ್ವ? ಅಲ್ಲಿ ಕುಡುದ್ರೆ ಆಗ್ತದೆ, ಇಲ್ಲಿ ಸೇರುದ್ರೆ ಆಗಕಿಲ್ವಾ?"

ಎಲ್ಲರೂ ನನ್ನ ಕಡೆ ನೋಡಿದರು. "ರಾಚಮ್ಮನೂ ಮೆಂಬರು. ಬೇಡ ಅನ್ನೋಕೆ ನಾನ್ಯಾರು?" ಎಂದೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಧರ್ಮೇಂದ್ರ ಹೊರಟುಹೋದರು. ಮನೆಯಲ್ಲಿ ಊಟಕ್ಕೆ ಯಾರೂ ಕರೆಯಲಿಲ್ಲ.

26-6-2006

ಯೂನಿಯನ್‌ನಿಂದ ಫೋನು. ಹಾಲು ಹೀಗೇ ಇದ್ದರೆ ಕೂಲರನ್ನು ಬೇರೆ ಊರಿಗೆ ಕೊಡುತ್ತಾರಂತೆ. ಸೆಕ್ರೆಟರಿ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಯಜಮಾನರಿಗೆ ಹೇಳಿದೆ. "ನೋಡನ ಬುಡು" ಎಂದರು. ಹತ್ತು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು.

28-6-2006, ಮಧ್ಯಾಹ್ನ

ರಾಚಮ್ಮನ ಹಸು ಸತ್ತಿತು.

ಬೆಳಿಗ್ಗೆ ಅವಳ ಮಗಳು ಗೌತಮಿ ಓಡಿ ಬಂದಳು. ಹೋದಾಗ ಹಸುವಿನ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಬಾಯಲ್ಲಿ ನೊರೆ. ಕಾಲು ಒದರುತ್ತಿತ್ತು. ಹನಗೋಡಿನಿಂದ ಡಾಕ್ಟರು ಬಂದು ವಿನೆಗರ್ ಕುಡಿಸಿದರು. ತಡವಾಗಿತ್ತು. ಬಾನಿಯ ನೀರು ಮೂಸಿ, "ಯೂರಿಯಾ ಕುಡಿದಿದೆ" ಎಂದರು. ರಾಚಮ್ಮ ಅಳಲಿಲ್ಲ. ಕೆಚ್ಚಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಅವಳ ಮನೆಯಲ್ಲಿ ಯೂರಿಯಾ ಎಲ್ಲಿಂದ ಬರಬೇಕು? ಹೊಲವೇ ಇಲ್ಲ.

ಮನೆಗೆ ಬಂದೆ. ಹಿತ್ತಲಲ್ಲಿ ನಮ್ಮ ನೀಲಿ ಬಕೆಟ್. ತಳದಲ್ಲಿ ಬಿಳಿ ಕಾಳು ಅಂಟಿಕೊಂಡಿತ್ತು. ಯಜಮಾನರನ್ನು ಕೇಳಿದೆ. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ.

"ಊಂ ಕಣೆ. ಡೈರಿ ಉಳೀಬೇಕಾ ಬ್ಯಾಡ್ವಾ? ನಿನ್ ಕೆಲ್ಸ ಉಳೀಲಿ ಅಂತಾನೇ ಮಾಡಿದ್ದು."

ಒಳಗಿನಿಂದ ಅತ್ತೆ — "ದನ ತಾನೆ ಓಗಿದ್ದು. ಕಾಲು ತೊಳ್ಕಂಡು ಬಾ, ಉಣ್ಣು."

30-6-2006, ಶುಕ್ರವಾರ

ಮೇಲಿನ ಬೀದಿಯವರೆಲ್ಲ ಬಂದರು. ನಗು, ಮಾತು, ತಳ್ಳಾಟ. ಎಲ್ಲರ ಹಾಲೂ ಅಳೆದೆ. ಕೂಲರ್ ತುಂಬಿತು. ಅತ್ತೆ ಬೆನ್ನು ಸವರಿದರು.

ಡೈರಿಯ ಬೀಗದ ಕೈ ಅವರಿಗೇ ಕೊಟ್ಟು ಕೆಳಗಿನ ಕೇರಿಗೆ ಹೋದೆ. ರಾಚಮ್ಮನನ್ನು ಎಬ್ಬಿಸಿಕೊಂಡು ಹುಣಸೂರಿನ ಬಸ್ಸು ಹತ್ತಿದೆ. ಠಾಣೆಯಲ್ಲಿ ಅವಳು ದೂರು ಕೊಟ್ಟಳು. ಬಕೆಟ್ ವಿಷಯ, ಯಜಮಾನರು ಹೇಳಿದ್ದು — ಎಲ್ಲ ನಾನು ಹೇಳಿದೆ. ಗಂಡನ ಹೆಸರನ್ನು ಎರಡು ಸಲ ಹೇಳಬೇಕಾಯಿತು.

ವಾಪಸು ಬಂದಾಗ ನನ್ನ ಬಟ್ಟೆ ಜಗಲಿಯ ಮೇಲಿತ್ತು. ಬಾಗಿಲು ಹಾಕಿತ್ತು.

24-7-2006, ಪಿರಿಯಾಪಟ್ಟಣ

ಅಮ್ಮನ ಮನೆಯಲ್ಲಿದ್ದೇನೆ. ಇಷ್ಟು ದಿನ ಬರೆಯಲು ಕೈಯೇ ಏಳಲಿಲ್ಲ.

ಇವತ್ತು ರಾಚಮ್ಮ ಹುಡುಕಿಕೊಂಡು ಬಂದಿದ್ದಳು. ಒಳಗೆ ಬಾ ಎಂದರೂ ಬಾರದೆ ಮೆಟ್ಟಿಲ ಮೇಲೆ ಕೂತಳು.

"ರಾಜಿ ಆಗ್ಬುಟ್ಟೆ ಕಣವ್ವ. ಇನ್ನೊಂದು ಹಸ ಕೊಡುಸ್ತಾರಂತೆ."

"ಹಾಲು?"

"ಡೈರಿಗೆ ಆಕಾಕಿಲ್ಲ ಅಂತ ಒಪ್ಕಂಡೆ. ಕೂಲಿಗೆ ಅವ್ರ ಒಲಕ್ಕೇ ಓಗ್ಬೇಕು. ಗೌತಮಿ ಇಸ್ಕೂಲ್ಗೆ ಓಗೋದು ಆ ಬೀದೀಲೇ. ನಾನು ಅಲ್ಲೇ ಬದುಕ್ಬೇಕಲ್ಲವ್ವ... ನಿನ್ನ ಮನೆ ಕೆಡುಸ್ಬುಟ್ಟೆ."

ನೀನಲ್ಲ ರಾಚಮ್ಮ ಎಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಮ್ಮ ಕಾಫಿ ತಂದರು — ಹಿತ್ತಾಳೆ ಲೋಟದಲ್ಲಲ್ಲ, ಪ್ಲಾಸ್ಟಿಕ್ ಕಪ್ಪಿನಲ್ಲಿ. ನಾನು ನೋಡಿದೆ. ರಾಚಮ್ಮನೂ ನೋಡಿದಳು. ಕುಡಿದು, ಕಪ್ಪನ್ನು ತಾನೇ ತೆಗೆದುಕೊಂಡು ಹೋಗಿ ಚರಂಡಿಯ ಪಕ್ಕ ಎಸೆದಳು.

31-7-2006, ಸೋಮವಾರ

ಠಾಣೆಗೆ ಕರೆದಿದ್ದರು. ಯಜಮಾನರು ಹೊರಗೆ ಬೈಕಿನ ಮೇಲೆ ಕೂತಿದ್ದರು. ಗಡ್ಡ ಬಿಟ್ಟಿದ್ದಾರೆ. "ತಪ್ಪಾಗಿ ನೋಡ್ದೆ ಅಂತ ಒಂದು ಮಾತು ಏಳ್ಬುಡು ಪವಿತ್ರ. ಈಗ್ಲೇ ಮನೆಗೆ ಓಗನ. ಅವ್ವ ಕಾಯ್ತಾ ಅವ್ಳೆ" ಎಂದರು. ಧ್ವನಿ ಮದುವೆಯಾದ ಹೊಸದರಲ್ಲಿದ್ದ ಹಾಗೆ ಇತ್ತು.

ಒಳಗೆ ಪೊಲೀಸರು ಕೇಳಿದರು — ರಾಚಮ್ಮ ರಾಜಿಯಾಗಿದ್ದಾರೆ, ನಿಮ್ಮ ಹೇಳಿಕೆ ಏನು ಮಾಡ್ತೀರಮ್ಮ?

ಕಂಡದ್ದೇ ಹೇಳಿದ್ದೇನೆ, ಅದೇ ಇರಲಿ ಎಂದೆ.

ಹೊರಗೆ ಬಂದಾಗ ಬೈಕು ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮೊದಲು ಬಂದ ಬಸ್ಸು ಹತ್ತಿದೆ, ಬೋರ್ಡು ನೋಡಲಿಲ್ಲ. ಕಂಡಕ್ಟರ್ ಬಂದ. ಎಲ್ಲಿಗಮ್ಮ ಎಂದು ಕೇಳಿದ. ನಾನು ನಮ್ಮೂರಿನ ಹೆಸರೂ ಹೇಳಲಿಲ್ಲ, ಪಿರಿಯಾಪಟ್ಟಣ ಎಂದೂ ಹೇಳಲಿಲ್ಲ; ಬಸ್ಸು ಕೊನೆಗೆ ನಿಲ್ಲುವಲ್ಲಿಗೆ ಒಂದು ಕೊಡಿ ಎಂದೆ.